ಮೊದಲ ಕೌದಿಯನ್ನೇ ಉಡುಗೊರೆಯಾಗಿ ಕೊಡಬಹುದೇ?

ಪ್ರಶ್ನೆ: ಹೊಸ ಸೂಜಿ

ಎಲ್ಲರಿಗೂ ನಮಸ್ಕಾರ. ಹೊಲಿಗೆ ಯಂತ್ರ ನನಗೆ ಹೊಸದಲ್ಲ. ದಿಂಬಿನ ಕವರು, ಪರದೆ, ಕೈಚೀಲಗಳನ್ನು ಹೊಲಿದು ಅಭ್ಯಾಸವಿದೆ. ಆದರೆ ತುಂಡುಬಟ್ಟೆಗಳನ್ನು ಜೋಡಿಸಿ ಕೌದಿ ಮಾಡುವ ಕೆಲಸಕ್ಕೆ ಕೈಹಾಕಿರುವುದು ಇದೇ ಮೊದಲು. ಎರಡು ಕೌದಿಗಳನ್ನು ಮಾಡುವ ಆಸೆಯಿದೆ. ಒಂದು ತಂಗಿಯ ಮಗುವಿಗೆ. ಹೆರಿಗೆಗೆ ಇನ್ನು ನಾಲ್ಕು ತಿಂಗಳಿದೆ. ಇನ್ನೊಂದು ಅಮ್ಮನಿಗೆ. ಅಪ್ಪ ತೀರಿಕೊಂಡು ಒಂದು ವರ್ಷವಾಯಿತು. ಅವರ ಎಂಟು ಅಂಗಿಗಳು ಕಪಾಟಿನಲ್ಲಿ ಮಡಿಸಿಟ್ಟಂತೆಯೇ ಇವೆ. ಅವುಗಳಿಂದ ಅಮ್ಮ ದಿನವೂ ಹೊದೆಯಬಹುದಾದ ಒಂದು ಕೌದಿಯನ್ನು ಮಾಡಿಕೊಡಬೇಕೆಂಬುದು ಬಹಳ ದಿನಗಳಿಂದ ಮನಸ್ಸಿನಲ್ಲಿದೆ.

ಅಪ್ಪನ ಅಂಗಿಗಳಿಗೆ ಕತ್ತರಿ ಹಾಕುವ ಮೊದಲು ಕೈ ಪಳಗಲಿ ಎಂದು, ಮನೆಯಲ್ಲಿದ್ದ ಹತ್ತಿ ಬಟ್ಟೆಯಲ್ಲಿ ಒಂಬತ್ತು ಚೌಕಗಳ ನಾಲ್ಕು ಬ್ಲಾಕ್‌ಗಳನ್ನು ಹೊಲಿದೆ. ಪ್ರತಿ ಚೌಕವನ್ನೂ 3½ ಇಂಚಿಗೆ ಕತ್ತರಿಸಿದ್ದರಿಂದ ಹೊಲಿದಾದ ಮೇಲೆ ಬ್ಲಾಕ್ 9½ ಇಂಚು ಇರಬೇಕಿತ್ತು. ಒಂದು ಮಾತ್ರ ಹಾಗೆ ಬಂದಿದೆ. ಎರಡು 9¼ ಇಂಚು ಇವೆ; ನಾಲ್ಕನೆಯದು 9 ಇಂಚಿಗೆ ಇಳಿದಿದೆ. ಪಕ್ಕಪಕ್ಕ ಇಟ್ಟರೆ ಒಂದರ ಗೆರೆಗೆ ಇನ್ನೊಂದರ ಗೆರೆ ಕೂಡುವುದಿಲ್ಲ. ಕತ್ತರಿಸಿದ ಚೌಕಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ್ದೆ, ಅವೆಲ್ಲ ಒಂದೇ ಅಳತೆಯಲ್ಲಿದ್ದವು. ಹಾಗಾದರೆ ತಪ್ಪು ಎಲ್ಲಿ ನುಸುಳಿತು?

ಇದರ ಜೊತೆಗೆ ಇನ್ನೂ ಕೆಲವು ಸಂದೇಹಗಳಿವೆ. ಯಾವ ಕೌದಿಯನ್ನು ಮೊದಲು ಹಿಡಿಯಬೇಕು? ಬಟ್ಟೆಯನ್ನು ಮೊದಲೇ ಒಗೆಯಬೇಕೇ? ಮೇಲ್ಪದರ, ನಡುವಿನ ಹತ್ತಿ, ಅಡಿಯ ಅಸ್ತರು ಈ ಮೂರು ಪದರಗಳನ್ನು ಸೇರಿಸುವ ಹೊಲಿಗೆಯನ್ನು ಯಂತ್ರದಲ್ಲಿ ಹಾಕಿದರೆ ಸಾಕೇ ಅಥವಾ ಕೈಯಲ್ಲೇ ಹಾಕಬೇಕೇ? ಕಲಿಯುವವರ ಕೈಯಿಂದ ಬಂದದ್ದನ್ನು ಉಡುಗೊರೆಯಾಗಿ ಕೊಡುವುದು ಸರಿಯೇ ಎಂಬ ಅಳುಕೂ ಇದೆ. ಬಲ್ಲವರು ದಯವಿಟ್ಟು ತಿಳಿಸಿ.


ಉತ್ತರ: ಕಾಲು ಇಂಚು

ನಿಮ್ಮ ಕತ್ತರಿಕೆ ಸರಿಯಾಗಿಯೇ ಇದೆ. ತಪ್ಪು ಇರುವುದು ಹೊಲಿಗೆಯ ಮಾರ್ಜಿನ್‌ನಲ್ಲಿ, ಎಂದರೆ ಹೊಲಿಗೆಗೂ ಬಟ್ಟೆಯ ಅಂಚಿಗೂ ನಡುವೆ ಬಿಡುವ ಜಾಗದಲ್ಲಿ. ತುಂಡುಗಳನ್ನು ಜೋಡಿಸುವಾಗ ಕಾಲು ಇಂಚು ಮಾರ್ಜಿನ್ ಬಿಡುವುದು ಕೌದಿ ಕೆಲಸದ ಲೆಕ್ಕಗಳಿಗೆಲ್ಲ ಆಧಾರ. ಒಂಬತ್ತು ಚೌಕಗಳ ಬ್ಲಾಕ್‌ನಲ್ಲಿ ಅಡ್ಡಡ್ಡಲಾಗಿ ಎರಡು ಹೊಲಿಗೆಗಳಿರುತ್ತವೆ, ಎಂದರೆ ಒಳಗೆ ಸೇರಿಹೋಗುವ ಅಂಚುಗಳು ನಾಲ್ಕು. ಒಂದೊಂದು ಅಂಚಿನಲ್ಲೂ ಅರೆಕಾಲು ಇಂಚು ಹೆಚ್ಚಾಗಿ ಒಳಕ್ಕೆ ಹೋದರೆ ಒಟ್ಟು ಅರ್ಧ ಇಂಚು ಕಡಿಮೆಯಾಗುತ್ತದೆ. ನಿಮ್ಮ ನಾಲ್ಕನೆಯ ಬ್ಲಾಕ್‌ಗೆ ಆಗಿರುವುದು ಇದೇ. 9¼ ಇಂಚಿನ ಬ್ಲಾಕ್‌ಗಳಲ್ಲಿ ಅಂಚೊಂದಕ್ಕೆ ಇಂಚಿನ ಹದಿನಾರನೇ ಒಂದು ಭಾಗ ಮಾತ್ರ ಹೆಚ್ಚಾಗಿದೆ. ಅದು ನಾಲ್ಕೈದು ದಾರದೆಳೆಗಳ ಅಗಲಕ್ಕಿಂತ ಹೆಚ್ಚಿರಲಾರದು, ಕಣ್ಣಿಗೆ ಬೀಳುವುದೂ ಇಲ್ಲ. ಪರದೆ ಹೊಲಿಯುವಾಗ ಇಷ್ಟು ವ್ಯತ್ಯಾಸವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಆದರೆ ಕೌದಿಯಲ್ಲಿ ಅದು ಪ್ರತಿ ಜೋಡಣೆಗೂ ಕೂಡುತ್ತಾ ಹೋಗುತ್ತದೆ.

ಪರೀಕ್ಷೆ ಸುಲಭವಾಗಿದೆ. 1½ ಇಂಚು ಅಗಲದ ಮೂರು ಪಟ್ಟಿಗಳನ್ನು ಕತ್ತರಿಸಿ, ಉದ್ದಕ್ಕೆ ಒಂದಕ್ಕೊಂದು ಜೋಡಿಸಿ, ಇಸ್ತ್ರಿ ಮಾಡಿ ಅಳೆಯಿರಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು ಇರಬೇಕು, ಒಟ್ಟು ಅಗಲ 3½ ಇಂಚು ಇರಬೇಕು. ಕಡಿಮೆ ಬಂದರೆ ಮಾರ್ಜಿನ್ ಹೆಚ್ಚಾಗಿದೆ ಎಂದರ್ಥ. ಆಗ ಸೂಜಿಯನ್ನು ಕೆಳಗಿಳಿಸಿ, ಸೂಜಿಯ ಮೊನೆಯಿಂದ ಬಲಕ್ಕೆ ಕಾಲು ಇಂಚು ಅಳೆದು, ಅಲ್ಲಿ ಯಂತ್ರದ ಹಲಗೆಯ ಮೇಲೆ ಟೇಪಿನ ನಾಲ್ಕೈದು ಪದರಗಳನ್ನು ಒಂದರ ಮೇಲೊಂದು ಅಂಟಿಸಿ, ಬಟ್ಟೆಯ ಅಂಚು ತಾಗಿ ಸಾಗುವಂತಹ ಒಂದು ಸಣ್ಣ ದಂಡೆಯನ್ನು ಮಾಡಿಕೊಳ್ಳಿ. ಹೊಲಿಯುವಾಗ ಸೂಜಿಯನ್ನು ನೋಡದೆ ಆ ದಂಡೆಯನ್ನೇ ನೋಡುತ್ತಿರಿ. ಬಟ್ಟೆಯನ್ನು ಒತ್ತಿ ಹಿಡಿಯುವ ಯಂತ್ರದ ಫುಟ್‌ನ ಅಂಚನ್ನು ಕಾಲು ಇಂಚು ಎಂದು ನಂಬಬೇಡಿ, ಹಲವು ಯಂತ್ರಗಳಲ್ಲಿ ಅದು ಅದಕ್ಕಿಂತ ಅಗಲವಾಗಿರುತ್ತದೆ. ನನ್ನ ಮೊದಲ ಕೌದಿ ಎರಡು ಇಂಚು ಸೊಟ್ಟಗಾದದ್ದು ಹಾಗೆ ನಂಬಿದ್ದರಿಂದಲೇ.

ಇಸ್ತ್ರಿಯ ವಿಷಯದಲ್ಲೂ ಒಂದು ಮಾತು. ಅಂಗಿಗೆ ಮಾಡುವಂತೆ ಇಸ್ತ್ರಿಪೆಟ್ಟಿಗೆಯನ್ನು ಜಾರಿಸಬಾರದು. ಎತ್ತಿ, ಇಟ್ಟು, ಒತ್ತಿ, ಮತ್ತೆ ಎತ್ತಬೇಕು. ಜಾರಿಸಿದರೆ ಬಟ್ಟೆ ಎಳೆದುಕೊಂಡು ಚೌಕ ಓರೆಯಾಗುತ್ತದೆ. ಮೊದಲ ಸಾಲಿನ ಮಾರ್ಜಿನ್‌ಗಳನ್ನು ಬಲಕ್ಕೂ ಎರಡನೆಯ ಸಾಲಿನವನ್ನು ಎಡಕ್ಕೂ ಮೂರನೆಯದನ್ನು ಮತ್ತೆ ಬಲಕ್ಕೂ ಮಲಗಿಸಿ. ಆಗ ಸಾಲುಗಳನ್ನು ಎದುರುಬದುರಾಗಿ ಇಟ್ಟು ಬೆರಳಲ್ಲಿ ತಡವಿದರೆ ಒಂದರ ಉಬ್ಬು ಇನ್ನೊಂದರ ಉಬ್ಬಿಗೆ ಒರಗಿ ನಿಲ್ಲುವುದು ತಿಳಿಯುತ್ತದೆ. ಅಲ್ಲಿ ಒಂದು ಪಿನ್ನು ಚುಚ್ಚಿ ಹೊಲಿದರೆ ಮೂಲೆಗಳು ತಾವಾಗಿಯೇ ಕೂಡುತ್ತವೆ.

ಕತ್ತರಿಸಲು ಕತ್ತರಿಯೇ ಸಾಕು, ಆದರೆ ಎರಡು ಕೌದಿಗಳನ್ನು ಮಾಡುವವರಿಗೆ ರೋಟರಿ ಕಟ್ಟರ್ ಖಂಡಿತ ಉಪಯೋಗಕ್ಕೆ ಬರುತ್ತದೆ. ಜಪಾನಿನ ಓಲ್ಫಾ ಸಂಸ್ಥೆ 1979ರಲ್ಲಿ ಹೊರತಂದ ಈ ಚಕ್ರದಂಥ ಅಲಗು ಬರುವವರೆಗೆ, ರಟ್ಟಿನ ಅಚ್ಚನ್ನು ಬಟ್ಟೆಯ ಮೇಲಿಟ್ಟು ಗೆರೆ ಎಳೆದು ಒಂದೊಂದೇ ತುಂಡನ್ನು ಕತ್ತರಿಸುವುದು ಸಾಮಾನ್ಯವಾಗಿತ್ತು. ರಟ್ಟಿನ ಅಂಚು ಪೆನ್ಸಿಲ್ ತಾಗಿ ತಾಗಿ ಸವೆಯುವುದರಿಂದ ಐವತ್ತನೆಯ ಚೌಕ ಮೊದಲನೆಯದರಷ್ಟೇ ಇರುತ್ತದೆಂಬ ಭರವಸೆ ಇರುತ್ತಿರಲಿಲ್ಲ. ಕಟ್ಟರ್ ಬಳಸುವುದಾದರೆ ಅದರ ಜೊತೆಗೆ ಬಟ್ಟೆಯ ಕೆಳಗೆ ಹಾಸುವ ಕಟಿಂಗ್ ಚಾಪೆ ಮತ್ತು ದಪ್ಪನೆಯ ಪಾರದರ್ಶಕ ಅಳತೆಪಟ್ಟಿಯೂ ಬೇಕು. ಅಲಗನ್ನು ಮೈಯಿಂದ ದೂರಕ್ಕೆ ಉರುಳಿಸಿ, ಒಂದೊಂದು ಸಲ ಕೆಳಗಿಟ್ಟಾಗಲೂ ಮುಚ್ಚಿಡಿ. ಅದು ಎಷ್ಟು ಹರಿತವೆಂಬುದು ಕೈ ಕೊಯ್ದುಕೊಂಡ ಮೇಲೆ ತಿಳಿಯಬೇಕಾದ ವಿಷಯವಲ್ಲ.

ಈಗಾಗಲೇ ಹೊಲಿದಿರುವ ನಾಲ್ಕು ಬ್ಲಾಕ್‌ಗಳನ್ನು ಬಿಚ್ಚಬೇಡಿ. ಪ್ರತಿಯೊಂದರ ನಾಲ್ಕೂ ಕಡೆಗೆ 2 ಇಂಚು ಅಗಲದ ಪಟ್ಟಿಯನ್ನು ಜೋಡಿಸಿ, ಆಮೇಲೆ ನಾಲ್ಕನ್ನೂ 11½ ಇಂಚಿನ ಚೌಕಗಳಾಗಿ ಕತ್ತರಿಸಿ ಸರಿಮಾಡಿಕೊಳ್ಳಿ. ಅಳತೆಯ ವ್ಯತ್ಯಾಸವನ್ನು ಆ ಪಟ್ಟಿಗಳು ನುಂಗಿಕೊಳ್ಳುತ್ತವೆ. ಎರಡೆರಡಾಗಿ ಜೋಡಿಸಿದರೆ 22 ಇಂಚಿನ ಒಂದು ಪುಟ್ಟ ಕೌದಿಯಾಗುತ್ತದೆ. ಅದಕ್ಕೆ ಹತ್ತಿ ಹಾಕಿ, ಅಸ್ತರು ಕೊಟ್ಟು, ಅಂಚುಪಟ್ಟಿ ಹೊಲಿದು ಮುಗಿಸಿ. ಉಡುಗೊರೆಯನ್ನು ಆರಂಭಿಸುವ ಮೊದಲು ಎಲ್ಲ ಹಂತಗಳನ್ನೂ ಒಂದು ಸಲ ದಾಟಿರಬೇಕು ಎಂಬುದೊಂದೇ ನನ್ನ ಒತ್ತಾಯ. ತುಂಡು ಜೋಡಿಸುವುದನ್ನು ನೂರು ಸಲ ಮಾಡಿದರೂ ಪದರ ಕೂಡಿಸುವುದು ಬರುವುದಿಲ್ಲ.


ಉತ್ತರ: ತೊಟ್ಟಿಲ ಪಕ್ಕ

ಮಗುವಿನ ಕೌದಿಯನ್ನೇ ಮೊದಲು ಮಾಡಿ. ಅದು ಚಿಕ್ಕದು, ಗಡುವು ಇರುವುದೂ ಅದಕ್ಕೇ. ಹಿಂದಿನವರು ಹೇಳಿದ ಅಭ್ಯಾಸದ ತುಂಡು ಮುಗಿದ ಮೇಲೆ, ಒಂಬತ್ತು ಚೌಕಗಳ ಎಂಟು ಬ್ಲಾಕ್‌ಗಳನ್ನು 9½ ಇಂಚಿನ ಎಂಟು ಸಾದಾ ಚೌಕಗಳೊಂದಿಗೆ ಚದುರಂಗದ ಹಾಸಿನಂತೆ ಸೇರಿಸಿದರೆ 36 ಇಂಚಿನ ಚೌಕವಾಗುತ್ತದೆ. ಸಾದಾ ಚೌಕಗಳು ನಡುವೆ ಬರುವುದರಿಂದ ಕೂಡಿಸಬೇಕಾದ ಮೂಲೆಗಳೂ ಕಡಿಮೆಯಾಗುತ್ತವೆ. ತ್ರಿಕೋನಗಳ ವಿನ್ಯಾಸಕ್ಕೆ ಈಗಲೇ ಹೋಗಬೇಡಿ, ಏಕೆಂದರೆ ತ್ರಿಕೋನದ ಓರೆ ಅಂಚು ಕೈ ತಾಗಿದರೆ ಸಾಕು ಹಿಗ್ಗುತ್ತದೆ.

ಆದರೆ ಕೊಡುವಾಗ ತಂಗಿಗೆ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಒಂದು ವರ್ಷದೊಳಗಿನ ಮಗು ಮಲಗುವ ಜಾಗದಲ್ಲಿ ಕೌದಿ, ದಿಂಬು ಮುಂತಾದ ಮೆತ್ತನೆಯ ವಸ್ತುಗಳು ಇರಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಸೂಚಿಸುತ್ತದೆ; ಅವು ಮುಖದ ಮೇಲೆ ಬಂದರೆ ಉಸಿರು ಕಟ್ಟುವ ಅಪಾಯವಿದೆ. ಆದ್ದರಿಂದ ಆ ವರ್ಷ ಅದು ಹೊದಿಕೆಯಾಗದೆ, ಎಚ್ಚರವಿರುವ ಮಗುವನ್ನು ದೊಡ್ಡವರ ಕಣ್ಣೆದುರಿನಲ್ಲಿ ಬೋರಲು ಹಾಕಿ ಆಡಿಸುವ ನೆಲದ ಹಾಸಾಗಿರಲಿ. ಇದನ್ನು ಕೇಳಿ ಬೇಸರಪಡಬೇಡಿ. ನಾನು ಮಾಡಿಕೊಟ್ಟ ಹಾಸಿನ ಮೇಲೆ ತೆವಳಿದ ಹುಡುಗಿ ಈಗ ಅದನ್ನೇ ಹೊದ್ದು ಮಲಗುತ್ತಾಳೆ. ಗುಂಡಿ, ಮಣಿ, ರಿಬ್ಬನ್ ಯಾವುದನ್ನೂ ಹಚ್ಚಬೇಡಿ, ಮಗುವಿನ ಬಾಯಿಗೆ ಹೋಗಬಹುದಾದದ್ದೆಲ್ಲ ಹೋಗಿಯೇ ಹೋಗುತ್ತದೆ.

ಮೇಲೆ, ಕೆಳಗೆ, ಒಳಗೆ ಎಲ್ಲವೂ ಹತ್ತಿಯದೇ ಇರಲಿ, ಒಗೆಯಲು ಸುಲಭ. ಇದನ್ನು ಯಂತ್ರದಲ್ಲೇ ಹೊಲಿಯಿರಿ. ವಾರಕ್ಕೆರಡು ಸಲ ಒಗೆತಕ್ಕೆ ಬೀಳುವ ವಸ್ತುವಿಗೆ ಯಂತ್ರದ ಹೊಲಿಗೆಯೇ ಗಟ್ಟಿ.


ಉತ್ತರ: ಹಳೆಯ ಅಂಗಿ

ನಾನು ಅಮ್ಮನ ಕೌದಿಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಇಂಥದ್ದೇ ಒಂದನ್ನು ಮಾಡಿದ್ದೇನೆ. ತೀರಿಕೊಂಡವರ ಬಟ್ಟೆಯಿಂದ ಕೌದಿ ಮಾಡುವುದು ನಿಮಗೊಬ್ಬರಿಗೇ ಹೊಳೆದ ವಿಚಾರವಲ್ಲ. ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬಲ್ಲಿ ಮಿಸ್ಸೌರಿ ಪೆಟ್‌ವೇ ಎಂಬ ಮಹಿಳೆ ತೀರಿಕೊಂಡ ತಮ್ಮ ಗಂಡನ ಕೆಲಸದ ಬಟ್ಟೆಗಳಿಂದ 1942ರಲ್ಲಿ ಒಂದು ಕೌದಿಯನ್ನು ಹೊಲಿದರು. ಅವರ ನೆನಪನ್ನು ಹೊದ್ದುಕೊಳ್ಳುವುದಕ್ಕಾಗಿಯೇ ಮಾಡಿದ ಆ ಕೌದಿಯಲ್ಲಿ ನಯವಾದ ವಿನ್ಯಾಸವೇನೂ ಇಲ್ಲ. ದೊಡ್ಡ ದೊಡ್ಡ ತುಂಡುಗಳು ಮತ್ತು ಪಟ್ಟಿಗಳು, ಮಾಸಿದ ನೀಲಿ, ಬೂದು ಬಣ್ಣ, ಅಷ್ಟೇ. ಅಂಗಿಯ ಬಟ್ಟೆ ಅಂಗಿಯ ಬಟ್ಟೆಯಾಗಿಯೇ ಗುರುತು ಸಿಗಬೇಕಾದರೆ ತುಂಡುಗಳು ದೊಡ್ಡದಾಗಿರಬೇಕು ಎಂಬುದನ್ನು ನಾನು ಅದರಿಂದ ಕಲಿತೆ. ಒಂಬತ್ತು ಚೌಕಗಳ ಬ್ಲಾಕ್‌ಗಾಗಿ ಅಪ್ಪನ ಅಂಗಿಯನ್ನು ಚೂರುಚೂರು ಮಾಡಿದರೆ ಅಮ್ಮನ ಕಣ್ಣಿಗೆ ಬರೀ ಗೆರೆಗಳು ಉಳಿಯುತ್ತವೆ, ಅಂಗಿ ಉಳಿಯುವುದಿಲ್ಲ.

ಮೊದಲು ಪ್ರತಿ ಅಂಗಿಯನ್ನೂ ಒಗೆದು ಒಣಗಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಹೆಗಲು, ಮೊಣಕೈ, ಕಾಲರಿನ ಸುತ್ತ ಬಟ್ಟೆ ಜಾಳುಜಾಳಾಗಿ ಬೆಳಕು ಹೆಚ್ಚಾಗಿ ಹಾಯುತ್ತಿದ್ದರೆ ಆ ಭಾಗವನ್ನು ಬಿಡಿ. ಹೊಲಿದ ಮೇಲೆ ಮೊದಲು ಹರಿಯುವುದು ಅದೇ. ಆಮೇಲೆ ಹೊಲಿಗೆಗಳ ಗುಂಟ ಅಂಗಿಯನ್ನು ಬಿಡಿಸಿ ಚಪ್ಪಟೆಯಾಗಿ ಹಾಸಿ. ಅತಿ ದೊಡ್ಡ ತುಂಡು ಸಿಗುವುದು ಬೆನ್ನಿನಲ್ಲಿ. ದೊಡ್ಡವರ ಅಂಗಿಯ ಬೆನ್ನಿನಿಂದ 9½ ಇಂಚಿನ ನಾಲ್ಕು ಚೌಕಗಳು ಸಾಮಾನ್ಯವಾಗಿ ಬರುತ್ತವೆ. ಅಡ್ಡ ಐದು, ಉದ್ದ ಆರು ಎಂದು ಮೂವತ್ತು ಚೌಕಗಳನ್ನು ಜೋಡಿಸಿದರೆ 45 ಇಂಚು ಅಗಲ, 54 ಇಂಚು ಉದ್ದದ ಕೌದಿಯಾಗುತ್ತದೆ. ಕುಳಿತಾಗ ಕಾಲ ಮೇಲೆ ಹೊದೆಯಲು ಅಷ್ಟು ಸಾಕು. ಅಂಗಿಗಳಲ್ಲಿ ಟೀ ಶರ್ಟಿನಂಥ ಹೆಣಿಗೆಯ ಬಟ್ಟೆ ಇದ್ದರೆ, ಕತ್ತರಿಸುವ ಮೊದಲು ಅದರ ಹಿಂಬದಿಗೆ ಇಸ್ತ್ರಿಯಿಂದ ಅಂಟುವ ಫ್ಯೂಸಿಂಗ್ ಬಟ್ಟೆಯನ್ನು ಅಂಟಿಸಿಕೊಳ್ಳಿ, ಇಲ್ಲವಾದರೆ ಅದು ಹಿಗ್ಗಿ ಪಕ್ಕದ ಚೌಕಗಳನ್ನೂ ಎಳೆಯುತ್ತದೆ.

ಒಂದೆರಡು ಕಡೆ ಜೇಬನ್ನು ಜೇಬಾಗಿಯೇ ಉಳಿಸಿ. ನಾನು ಮಾಡಿದ ಕೌದಿಯಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು ಅಲ್ಲಿಗೇ.

ಒಗೆಯುವ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಹಳೆಯ ಅಂಗಿ ಕುಗ್ಗುವುದೆಲ್ಲ ಎಂದೋ ಕುಗ್ಗಿ ಮುಗಿದಿರುತ್ತದೆ. ಎರಡನ್ನೂ ಒಂದೇ ಕೌದಿಯಲ್ಲಿ ಸೇರಿಸುವುದಾದರೆ ಹೊಸದನ್ನು ಒಗೆಯದೆ ಬಳಸಬೇಡಿ. ಕಡುಗೆಂಪು, ಕಡುನೀಲಿ ಬಟ್ಟೆಗಳ ಒಂದು ಮೂಲೆಯನ್ನು ಒದ್ದೆ ಮಾಡಿ ಬಿಳಿಯ ಬಟ್ಟೆಯ ಮೇಲಿಟ್ಟು ಇಸ್ತ್ರಿಯಿಂದ ಒತ್ತಿ ನೋಡಿ. ಬಣ್ಣ ಹತ್ತಿದರೆ ಅದು ಬಿಡದಂತಾಗುವವರೆಗೆ ಒಗೆಯಿರಿ, ಆಗಲೂ ಬಿಟ್ಟರೆ ಕೈಬಿಡಿ.

ಇನ್ನು ಕೈಹೊಲಿಗೆ. ಈ ಕೌದಿಗೆ ಗಡುವು ಇಲ್ಲದಿರುವುದರಿಂದ ಕೈಯಲ್ಲೇ ಹೊಲಿಯಿರಿ ಎನ್ನುತ್ತೇನೆ. ತಿಂಗಳುಗಳೇ ಹಿಡಿಯಬಹುದು, ಹಿಡಿಯಲಿ. ಗಿಡ್ಡನೆಯ ಗಟ್ಟಿ ಸೂಜಿ, ಸುಮಾರು 18 ಇಂಚು ಉದ್ದದ ದಾರ, ನಡುಬೆರಳಿಗೆ ಒಂದು ಲೋಹದ ಟೊಪ್ಪಿಗೆ, ಇಷ್ಟು ಸಾಕು. ದಾರದ ತುದಿಗೆ ಸಣ್ಣ ಗಂಟು ಹಾಕಿ, ಹೊಲಿಗೆ ಶುರುವಾಗುವ ಜಾಗದಿಂದ ಒಂದು ಇಂಚು ಆಚೆ ಸೂಜಿಯನ್ನು ಮೇಲ್ಪದರ ಮತ್ತು ಹತ್ತಿಯ ನಡುವೆ ಮಾತ್ರ ಹಾಯಿಸಿ ಹೊರತೆಗೆಯಿರಿ. ದಾರವನ್ನು ಮೆಲ್ಲಗೆ ಜಗ್ಗಿದರೆ ಗಂಟು 'ಟಪ್' ಎಂಬ ಸಣ್ಣ ಸದ್ದಿನೊಂದಿಗೆ ಬಟ್ಟೆಯೊಳಗೆ ಇಳಿದು ಹತ್ತಿಯಲ್ಲಿ ಅಡಗುತ್ತದೆ. ಆಮೇಲೆ ಸೂಜಿಯನ್ನು ನೆಟ್ಟಗೆ ಇಳಿಸಿ, ಅಡಿಯಲ್ಲಿರುವ ಬೆರಳಿಗೆ ಮೊನೆ ಸೋಕಿದ ಕೂಡಲೇ ಅದನ್ನು ಮೇಲಕ್ಕೆ ತಿರುಗಿಸಬೇಕು. ಹೀಗೆ ಮೂರು ನಾಲ್ಕು ಹೊಲಿಗೆಗಳನ್ನು ಸೂಜಿಯ ಮೇಲೆ ಕೂಡಿಸಿಕೊಂಡು ದಾರ ಎಳೆಯಿರಿ. ಹೊಲಿಗೆಗಳು ಸಣ್ಣದಾಗಿರುವುದಕ್ಕಿಂತ ಒಂದೇ ಸಮ ಇರುವುದು ಮುಖ್ಯ. ಸಣ್ಣದಾಗುವುದು ಕೈ ಪಳಗಿದ ಮೇಲೆ ತಾನಾಗಿ ಬರುತ್ತದೆ.

ಕೊನೆಯದಾಗಿ, ಅಮ್ಮನಿಗೆ ತಿಳಿಸದೆ ಅಂಗಿಗಳನ್ನು ಕತ್ತರಿಸಬೇಡಿ. ಅಚ್ಚರಿಯ ಉಡುಗೊರೆಯಾಗಲಿ ಎಂಬ ಆಸೆ ನಿಮಗಿರಬಹುದು, ಆದರೆ ಯಾವ ಅಂಗಿ ಅವರಿಗೆ ಅಂಗಿಯಾಗಿಯೇ ಬೇಕು ಎಂಬುದು ನಿಮಗೆ ಗೊತ್ತಿರಲಾರದು. ಕತ್ತರಿಸಿದ್ದನ್ನು ಹಿಂದಕ್ಕೆ ತರಲಾಗುವುದಿಲ್ಲ.


ಮರುಪ್ರಶ್ನೆ: ಹೊಸ ಸೂಜಿ

ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಮೂರು ಪಟ್ಟಿಗಳ ಪರೀಕ್ಷೆಯಲ್ಲಿ ನಡುವಿನ ಪಟ್ಟಿ 1 ಇಂಚಿಗಿಂತ ಕಡಿಮೆ ಬಂತು. ಟೇಪಿನ ದಂಡೆ ಹಾಕಿದ ಮೇಲೆ ಸರಿಯಾಯಿತು. ನಾಲ್ಕು ಬ್ಲಾಕ್‌ಗಳಿಗೆ ಪಟ್ಟಿ ಸೇರಿಸಿ 22 ಇಂಚಿನ ಪುಟ್ಟ ಕೌದಿಯನ್ನು ಮುಗಿಸಿದ್ದೇನೆ. ಮೇಲಿನಿಂದ ಚೆನ್ನಾಗಿಯೇ ಕಾಣುತ್ತದೆ. ತಿರುಗಿಸಿ ನೋಡಿದರೆ ಅಸ್ತರು ಎರಡು ಕಡೆ ನೆರಿಗೆಗಟ್ಟಿ ಹೊಲಿಗೆಯೊಳಗೆ ಸಿಕ್ಕಿಕೊಂಡಿದೆ. ಅಂಚುಪಟ್ಟಿಯ ಮೂಲೆಗಳೂ ಚೂಪಾಗಿ ಬರದೆ ದುಂಡಗಾಗಿವೆ. ಮಗುವಿನ ಕೌದಿಯಲ್ಲಿ ಹೀಗಾಗದಂತೆ ಏನು ಮಾಡಬೇಕು?


ಉತ್ತರ: ಕಾಲು ಇಂಚು

ನೆರಿಗೆ ಬೀಳುವುದು ಹೊಲಿಯುವಾಗ ಅಲ್ಲ, ಅದಕ್ಕೂ ಮೊದಲು ಪದರಗಳನ್ನು ಹಾಸುವಾಗ. ಅಸ್ತರು ಮತ್ತು ಹತ್ತಿ ಎರಡೂ ಮೇಲ್ಪದರಕ್ಕಿಂತ ಪ್ರತಿ ಬದಿಗೆ ಮೂರು ಇಂಚು ಹೆಚ್ಚಾಗಿರಲಿ. ಅಸ್ತರನ್ನು ಹಿಂಬದಿ ಮೇಲಾಗಿ ನೆಲದ ಮೇಲೆ ಹಾಸಿ, ನಾಲ್ಕೂ ಬದಿಗಳ ನಡುಭಾಗದಿಂದ ಆರಂಭಿಸಿ ಮೂಲೆಗಳ ಕಡೆಗೆ ಟೇಪಿನಿಂದ ನೆಲಕ್ಕೆ ಅಂಟಿಸಿ. ಬಟ್ಟೆ ಸುಕ್ಕಿಲ್ಲದೆ ಬಿಗಿಯಾಗಿರಬೇಕು, ಆದರೆ ಹಿಗ್ಗಿರಬಾರದು; ಹಿಗ್ಗಿಸಿ ಅಂಟಿಸಿದರೆ ಟೇಪು ತೆಗೆದ ಕೂಡಲೇ ಅದು ಕುಗ್ಗಿ ಮೇಲ್ಪದರವನ್ನು ಸುಕ್ಕು ಮಾಡುತ್ತದೆ. ಅದರ ಮೇಲೆ ಹತ್ತಿ, ಹತ್ತಿಯ ಮೇಲೆ ಮೇಲ್ಪದರವನ್ನು ಹಾಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರುತ್ತಾ ಹೋಗಿ. ನಡುವಿನಿಂದಲೇ ಆರಂಭಿಸಿ ಅಂಗೈ ಅಗಲಕ್ಕೆ ಒಂದರಂತೆ, ಸುಮಾರು ನಾಲ್ಕು ಇಂಚಿಗೊಂದು ಸೇಫ್ಟಿ ಪಿನ್ ಹಾಕಿ. ನಿಮ್ಮ ಪುಟ್ಟ ಕೌದಿಗೆ ಎಷ್ಟು ಪಿನ್ನುಗಳನ್ನು ಹಾಕಿದ್ದಿರೋ ತಿಳಿಯದು, ಮೊದಲ ಸಲ ಎಲ್ಲರೂ ಕಡಿಮೆಯೇ ಹಾಕುತ್ತಾರೆ. ಮಗುವಿನ ಕೌದಿಗೆ ಎಂಬತ್ತು ಪಿನ್ನುಗಳು ಬೇಕಾದರೂ ಆಶ್ಚರ್ಯವಿಲ್ಲ. ಮುಗಿದ ಮೇಲೆ ಒಂದೂ ಉಳಿಯದಂತೆ ಎಣಿಸಿ ತೆಗೆಯಿರಿ, ಮಗುವಿನ ವಸ್ತು ಅದು.

ಹೊಲಿಯುವುದೂ ನಡುವಿನಿಂದ ಹೊರಕ್ಕೆ. ಹೊಲಿಗೆಯ ಉದ್ದವನ್ನು 3 ಮಿಲಿಮೀಟರಿಗೆ ಇಟ್ಟುಕೊಳ್ಳಿ, ಸಾಧ್ಯವಾದರೆ ವಾಕಿಂಗ್ ಫುಟ್ ಹಾಕಿ. ಸಾಮಾನ್ಯ ಯಂತ್ರದಲ್ಲಿ ಕೆಳಗಿನ ಹಲ್ಲುಗಳು ಅಸ್ತರನ್ನು ಮಾತ್ರ ಮುಂದಕ್ಕೆ ತಳ್ಳುತ್ತವೆ, ಮೇಲಿನ ಬಟ್ಟೆ ಹಿಂದೆ ಉಳಿಯುತ್ತದೆ. ಈ ಫುಟ್ ಮೇಲಿನದನ್ನೂ ಅದೇ ವೇಗದಲ್ಲಿ ಸಾಗಿಸುತ್ತದೆ. ಸಾಲುಗಳ ನಡುವಿನ ಅಂತರ ಎಷ್ಟಿರಬಹುದೆಂಬುದು ಹತ್ತಿಯ ಹಾಸಿನ ಮೇಲಿನ ಚೀಟಿಯಲ್ಲಿರುತ್ತದೆ, ಅದನ್ನು ಮೀರಬೇಡಿ. ಮೀರಿದರೆ ಕೆಲವು ಒಗೆತಗಳ ನಂತರ ಹತ್ತಿ ಒಳಗೆ ಸರಿದು ಮುದ್ದೆಯಾಗುತ್ತದೆ.

ಅಂಚುಪಟ್ಟಿಯ ಮೂಲೆಗೆ ಬರುವಾಗ ಕೊನೆಯವರೆಗೆ ಹೊಲಿಯದೆ ಕಾಲು ಇಂಚು ಮೊದಲೇ ನಿಲ್ಲಿಸಿ, ದಾರ ಕತ್ತರಿಸಿ. ಪಟ್ಟಿಯನ್ನು ಮೊದಲು ನೆಟ್ಟಗೆ ಮೇಲಕ್ಕೆ ಮಡಿಸಿ, ಆಮೇಲೆ ಮುಂದಿನ ಬದಿಯ ಗುಂಟ ಕೆಳಕ್ಕೆ ಮಡಿಸಿ, ಅಂಚಿನಿಂದಲೇ ಮತ್ತೆ ಹೊಲಿಗೆ ಆರಂಭಿಸಿ. ಆ ಮಡಿಕೆಯೊಳಗೆ ಉಳಿದ ಬಟ್ಟೆಯೇ ತಿರುವಿದಾಗ ಚೂಪಾದ ಮೂಲೆಯಾಗುತ್ತದೆ. 36 ಇಂಚಿನ ಚೌಕಕ್ಕೆ ಸುತ್ತಳತೆ 144 ಇಂಚು. 2½ ಇಂಚು ಅಗಲದ ಪಟ್ಟಿಗಳನ್ನು ಜೋಡಿಸಿ ಸುಮಾರು 156 ಇಂಚು ಉದ್ದ ಮಾಡಿಕೊಂಡು, ಉದ್ದಕ್ಕೆ ಎರಡಾಗಿ ಮಡಿಸಿ ಇಸ್ತ್ರಿ ಮಾಡಿಟ್ಟುಕೊಳ್ಳಿ.

ಹಿಂಬದಿಯ ಒಂದು ಮೂಲೆಯಲ್ಲಿ ಬಿಳಿಯ ಬಟ್ಟೆಯ ಸಣ್ಣ ತುಂಡಿಗೆ ನಿಮ್ಮ ಹೆಸರು, ಮಗುವಿನ ಹೆಸರು, ವರ್ಷವನ್ನು ದಾರದಿಂದ ಹೊಲಿದು ಸೇರಿಸಿ. ಕೊಡುವ ಮೊದಲು ಒಮ್ಮೆ ನೀವೇ ಒಗೆಯಿರಿ. ಬಣ್ಣ ಬಿಡುವುದಾದರೆ, ಹೊಲಿಗೆ ಬಿಚ್ಚುವುದಾದರೆ ನಿಮ್ಮ ಮನೆಯಲ್ಲೇ ಆಗಲಿ, ಸರಿಮಾಡಿ ಕೊಡಬಹುದು. ಅಳುಕಿನ ವಿಷಯ ಕೇಳಿದ್ದಿರಿ. ಅಳತೆಯನ್ನು ಇಷ್ಟು ಪ್ರಾಮಾಣಿಕವಾಗಿ ಬರೆದುಕೊಂಡು ಬಂದವರ ಕೌದಿಯನ್ನು ನಾನಾದರೆ ಸಂತೋಷದಿಂದ ತೆಗೆದುಕೊಳ್ಳುತ್ತೇನೆ.


ಪ್ರತಿಕ್ರಿಯೆ: ಹೊಸ ಸೂಜಿ

ಮಗುವಿನ ಕೌದಿಗೆ ಎಪ್ಪತ್ತೆರಡು ಚಿಕ್ಕ ಚೌಕಗಳನ್ನೂ ಎಂಟು ದೊಡ್ಡ ಚೌಕಗಳನ್ನೂ ಕತ್ತರಿಸಿ ಇಟ್ಟಿದ್ದೇನೆ. ನಿನ್ನೆ ರಾತ್ರಿ ಅಮ್ಮನನ್ನೂ ಕೇಳಿದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕಪಾಟು ತೆರೆದು ತಿಳಿನೀಲಿ ಗೆರೆಯ ಅಂಗಿಯೊಂದನ್ನು ತಾವು ಇಟ್ಟುಕೊಂಡು, ಉಳಿದ ಏಳನ್ನು ನನ್ನ ಕೈಗೆ ಕೊಟ್ಟರು. ಏಳು ಬೆನ್ನುಗಳಿಂದ ಇಪ್ಪತ್ತೆಂಟು ಚೌಕಗಳು ಸಿಕ್ಕರೆ, ಇನ್ನೆರಡನ್ನು ಜೇಬಿರುವ ಎದೆಯ ಭಾಗದಿಂದ ತೆಗೆಯುತ್ತೇನೆ.